ಮೇಷ್ಟ್ರ ಮುಖ ಯಾವ ದಿಕ್ಕಿಗೆ

ಆಕೆಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದು ಕ್ರೈಸ್ತ ಸಭೆಯ ದೀಕ್ಷಾಸ್ನಾನದ ದಪ್ಪ ಪುಸ್ತಕದಲ್ಲಿ ಬೆಚ್ಚಗೆ ಮಲಗಿತ್ತೇ ಹೊರತು ಯಾರ ಬಾಯಲ್ಲೂ ಇರಲಿಲ್ಲ. ಎಲ್ಲರಿಗೂ ಅವಳು ಪೆಟ್ಟಿಗೆಯಮ್ಮ. ಗಂಡ ಬಡಗಿ. ಬಾಗಿಲು, ಕಿಟಕಿ, ಮೇಜು, ಮಂಚ ಎಲ್ಲಕ್ಕೂ ಒಗ್ಗಿದ ಕೈ ಅವನದು. ಆದರೆ ಶವಪೆಟ್ಟಿಗೆ ಚೆನ್ನಾಗಿ ಮಾಡುತ್ತಾನೆಂದು ಒಮ್ಮೆ ಹೆಸರಾದ ಮೇಲೆ ಹೊಸ ಮದುವೆಯ ಮಂಚಕ್ಕೆ ಅವನನ್ನು ಯಾರು ಕರೆಯುತ್ತಾರೆ? ಹೀಗಾಗಿ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ವರ್ಷವಿಡೀ ಪೆಟ್ಟಿಗೆಗಳೇ.

ಮರ ಅವನದು, ಬಟ್ಟೆ ಇವಳದು. ಪೆಟ್ಟಿಗೆಯ ಒಳಗೆ ಬಿಳಿ ಬಟ್ಟೆ ಹಾಸಿ, ಅಂಚು ಮಡಿಸಿ, ಬೆರಳಗಲಕ್ಕೊಂದರಂತೆ ಸಣ್ಣ ಮೊಳೆ ಹೊಡೆಯುವಳು. ಮರ ಕೀಸಿದಾಗ ಬೀಳುವ ಸುರುಳಿ ಹೊಟ್ಟನ್ನು ಜರಡಿ ಹಿಡಿದು, ಸಿಬಿರನ್ನೆಲ್ಲ ಆರಿಸಿ ತೆಗೆದು ತಲೆದಿಂಬಿಗೆ ತುಂಬುವಳು.

"ಸತ್ತವರಿಗೆ ಸಿಬಿರು ಚುಚ್ಚುತ್ತದೇನೇ?" ಎಂದು ಗಂಡ ನಗುತ್ತಿದ್ದ.

"ಚುಚ್ಚಲ್ಲ ಅಂತ ನಿಮಗೆ ಯಾರು ಎದ್ದು ಬಂದು ಹೇಳಿದ್ರು?" ಎನ್ನುತ್ತಿದ್ದಳು.

ಅವಳು ಹೊಲಿದ ಮೊದಲನೇ ದಿಂಬು ಅಂಗೈಯಗಲದ್ದು. ಅದು ಅವಳ ಸ್ವಂತ ಮಗುವಿಗೆ. ನಾಲ್ಕು ತಿಂಗಳಿನ ಹೆಣ್ಣು ಕೂಸು, ಮೂರು ದಿನದ ಜ್ವರದಲ್ಲಿ ಹೋಯಿತು. ಆಮೇಲೆ ಮಕ್ಕಳಾಗಲಿಲ್ಲ. ಅಂದಿನಿಂದ ಬೇರೆಯವರ ದಿಂಬುಗಳೂ ಅವಳ ಕೈಗೇ ಬಂದವು. ಅದರ ಬಗ್ಗೆ ಅವಳು ಹೆಚ್ಚು ಮಾತಾಡಿದ್ದನ್ನು ಯಾರೂ ಕೇಳಿಲ್ಲ.

ಕಣ್ಣಳತೆ ಎಂದರೆ ಅವಳದು. ಬೀದಿಯಲ್ಲಿ ಎದುರು ಬಂದವರನ್ನು ಒಮ್ಮೆ ನೋಡಿದರೆ ಸಾಕು, ಉದ್ದ ಇಷ್ಟು, ಭುಜ ಇಷ್ಟು ಎಂದು ತಲೆಯೊಳಗೆ ಗೆರೆ ಬೀಳುತ್ತಿತ್ತು. ಜನರಿಗೂ ಅದು ಗೊತ್ತು. "ಅಮ್ಮಾ ತಾಯಿ, ನನ್ನ ಕಡೆ ಹಾಗೆ ನೋಡಬೇಡ, ಇನ್ನೂ ಮಗಳ ಮದುವೆ ಬಾಕಿ ಇದೆ" ಎಂದು ಪಕ್ಕಕ್ಕೆ ಸರಿಯುವವರಿದ್ದರು. ಅವಳೂ ಬಿಡುತ್ತಿರಲಿಲ್ಲ. "ಅವಸರ ಏನಿಲ್ಲ ಬಿಡಿ, ಇನ್ನೂ ಮರ ಹಸಿ ಇದೆ" ಎನ್ನುವಳು.

ಬುಧವಾರ ಸಂಜೆ ಐದೂವರೆಗೆ ದೇವಾಲಯದ ಪಕ್ಕದ ಕೋಣೆಯಲ್ಲಿ ವೇದಪಾಠ, ಎಂದರೆ ಬೈಬಲ್ ಓದು. ಹತ್ತು ಹನ್ನೆರಡು ಕಬ್ಬಿಣದ ಕುರ್ಚಿ, ಕಟಕಟ ಎನ್ನುವ ಒಂದು ಫ್ಯಾನು. ಮೂರನೇ ತರಗತಿಗೇ ಶಾಲೆ ಬಿಟ್ಟ ಪೆಟ್ಟಿಗೆಯಮ್ಮ ಬಾಗಿಲ ಪಕ್ಕದ ಕುರ್ಚಿಯಲ್ಲಿ ದಿಂಬಿನ ಹೊಲಿಗೆ ಹಿಡಿದು ಕೂರುತ್ತಿದ್ದಳು. ಓದಲು ತಡವರಿಸಿದರೂ ಕಿವಿಗೆ ಬಿದ್ದದ್ದು ಎಲ್ಲಿಗೂ ಹೋಗುತ್ತಿರಲಿಲ್ಲ. ಯಾರು, ಯಾವ ವರ್ಷ, ಯಾವ ಬಣ್ಣದ ಅಂಗಿ ಹಾಕಿಕೊಂಡು ಏನು ಹೇಳಿದರು ಎನ್ನುವುದು ಸಮೇತ ಒಪ್ಪಿಸುವಳು.

ಪಾಠ ನಡೆಸುವವರು ಮೇಷ್ಟ್ರು. ಮಕ್ಕಳಿಗೆ ಮೂವತ್ತಾರು ವರ್ಷ ಪಾಠ ಹೇಳಿ ನಿವೃತ್ತರಾದವರು. ಆಳು ಎತ್ತರ, ದನಿ ಅದಕ್ಕಿಂತ ಎತ್ತರ. ಅವರ ಎದುರಾಳಿ ಗಡಿಯಾರದಣ್ಣ. ಅಂಗಡಿ ಸಾಲಿನ ಮೆಟ್ಟಿಲ ಕೆಳಗೆ ಕಪಾಟಿನಷ್ಟೇ ಜಾಗದಲ್ಲಿ ಕೂತು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೈಗಡಿಯಾರ ರಿಪೇರಿ ಮಾಡುವವನು. ಬಿಡುವಾದಾಗ ಅವನು ಲೋಕದ ಅಂತ್ಯದ ತಾರೀಖು ಲೆಕ್ಕ ಹಾಕುತ್ತಿದ್ದ. ಅವನು ಹೇಳಿದ ಮೂರು ತಾರೀಖುಗಳು ಆಗಲೇ ಬಂದು, ಮಾಮೂಲಿನಂತೆ ಬೆಳಗಾಗಿ, ಸಂಜೆಯೂ ಆಗಿ ಹೋಗಿದ್ದವು.

"ಏನಪ್ಪಾ, ನಿನ್ನೆ ಲೋಕ ಮುಗೀತಂತೆ, ನನಗೆ ಗೊತ್ತೇ ಆಗಲಿಲ್ಲ" ಎಂದು ಮೇಷ್ಟ್ರು ಕೆಣಕುವರು.

"ಮುಳ್ಳು ಸ್ವಲ್ಪ ಹಿಂದೆ ಬಿದ್ದಿರಬಹುದು ಮೇಷ್ಟ್ರೇ, ಗಡಿಯಾರ ಸುಳ್ಳಲ್ಲ."

"ಆ ದಿನ, ಆ ಗಳಿಗೆ ಯಾರಿಗೂ ಗೊತ್ತಿಲ್ಲ ಅಂತ ಅಷ್ಟು ಸ್ಪಷ್ಟವಾಗಿ ಬರೆದಿದೆ. ನಿನ್ನ ಕಪಾಟಿಗೆ ಮಾತ್ರ ಬೇರೆ ಕಾಗದ ಬಂತಾ?"

ಸತ್ತವರು ಲೋಕದ ಕೊನೆಗೆ ಎಬ್ಬಿಸಲು ಊದುವ ಕಡೇ ತುತ್ತೂರಿಯವರೆಗೂ ನಿದ್ದೆಯಲ್ಲೇ ಇರುತ್ತಾರೆ ಎಂಬುದು ಮೇಷ್ಟ್ರ ಪಕ್ಷ. ಪ್ರಾಣ ಆ ಕ್ಷಣವೇ ಕರ್ತನ ಹತ್ತಿರ ಹೋಗುತ್ತದೆ, ಕಾಯುವುದು ದೇಹ ಮಾತ್ರ ಎಂಬುದು ಗಡಿಯಾರದಣ್ಣನ ಪಕ್ಷ. ಕರ್ತನ ಸಾವಿರ ವರ್ಷದ ಆಳ್ವಿಕೆ ಅವನು ಲೋಕಕ್ಕೆ ಮತ್ತೆ ಬರುವುದಕ್ಕೆ ಮೊದಲೋ ಆಮೇಲೋ ಎಂಬುದರ ಮೇಲೆ ಇಬ್ಬರೂ ಒಂದು ಇಡೀ ಬೇಸಿಗೆ ಕಳೆದರು. ಸಮುದ್ರದಲ್ಲಿ ಮುಳುಗಿದವನನ್ನು ಮೀನು ತಿಂದು, ಆ ಮೀನನ್ನು ಇನ್ನೊಬ್ಬ ತಿಂದರೆ, ಏಳುವಾಗ ಆ ಮಾಂಸ ಯಾರ ಪಾಲು ಎಂಬ ಪ್ರಶ್ನೆಗೆ ಎರಡು ಬುಧವಾರ ಸಾಲಲಿಲ್ಲ. ಉಳಿದವರು ಆಕಳಿಸುತ್ತಿದ್ದರು. ಪೆಟ್ಟಿಗೆಯಮ್ಮ ಆಕಳಿಸುತ್ತಿರಲಿಲ್ಲ. ಉಳಿದವರಿಗೆ ಅದು ಮಾತು. ಅವಳಿಗೆ ಅದು ಮನೆಗೆಲಸದಷ್ಟು ಹತ್ತಿರದ ಸಂಗತಿ.

ಒಂದು ಬುಧವಾರ ತಡೆಯಲಾರದೆ ಕೇಳಿಯೇ ಬಿಟ್ಟಳು. "ಮೇಷ್ಟ್ರೇ, ನಾವು ಮುಚ್ಚಳಕ್ಕೆ ಭದ್ರವಾಗಿ ಸ್ಕ್ರೂ ಹಾಕಿರ್ತೀವಿ. ಅವರು ಏಳೋ ದಿವಸ ಅದನ್ನ ಯಾರು ಬಿಚ್ತಾರೆ?"

ಕೋಣೆಯೆಲ್ಲ ಗೊಳ್ಳೆಂದಿತು. ಮೇಷ್ಟ್ರು ನಗಲಿಲ್ಲ. ಕನ್ನಡಕ ತೆಗೆದು, "ಬೀಜಕ್ಕೆ ಸಿಪ್ಪೆ ಯಾರಮ್ಮಾ ಬಿಚ್ಚೋದು?" ಎಂದರು. "ಒಳಗಿರೋ ಮೊಳಕೆನೇ ಬಿಚ್ಚುತ್ತೆ. ನೀನು ಚೆನ್ನಾಗಿ ಬಿತ್ತು, ಅಷ್ಟು ಸಾಕು." ಆ ಮಾತನ್ನು ಅವಳು ಸೆರಗಿನ ತುದಿಗೆ ಗಂಟು ಹಾಕಿಕೊಂಡಂತೆ ಮನೆಗೆ ತಂದಳು.

ಮೇಷ್ಟ್ರು ಯಾವುದರಲ್ಲಿ ಸಡಿಲ ಬಿಟ್ಟರೂ ದಿಕ್ಕಿನಲ್ಲಿ ಬಿಡುತ್ತಿರಲಿಲ್ಲ. ಆ ಸಭೆಯ ಸಮಾಧಿ ತೋಟದಲ್ಲಿ ಎಲ್ಲರ ತಲೆಯೂ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ. ಕರ್ತನು ಮೂಡಣದಿಂದ ಬರುವಾಗ ಎದ್ದು ನಿಂತವರ ಮುಖ ನೇರ ಅವನ ಕಡೆಗೇ ಇರಬೇಕು ಎಂದು ಹಿರಿಯರು ಮಾಡಿಟ್ಟ ಪದ್ಧತಿ.

"ಲೋಕ ಗುಂಡಗಿದೆ ಮೇಷ್ಟ್ರೇ. ಮೂಡಣ ಅಂದ್ರೆ ಯಾವ ಊರಿನ ಮೂಡಣ?" ಎಂದು ಗಡಿಯಾರದಣ್ಣ ಕೇಳುತ್ತಿದ್ದ.

"ಎಬ್ಬಿಸೋಕೆ ಬಂದೋನಿಗೆ ಬೆನ್ನು ತೋರಿಸಿ ಏಳೋದು ಮರ್ಯಾದೆ ಅಲ್ಲ ಕಣಯ್ಯಾ. ಕಣ್ಣು ಬಿಟ್ಟ ತಕ್ಷಣ ನನಗೆ ಆ ಮುಖ ಕಾಣಬೇಕು. ಮಧ್ಯದಲ್ಲಿ ಇನ್ನೇನೂ ಬೇಡ." ಇದನ್ನು ಹೆಂಡತಿಗೂ ಹೇಳಿ, ಮಾತು ತೆಗೆದುಕೊಂಡಿದ್ದರು. ಆ ಹೆಂಗಸನ್ನು ಎಲ್ಲರೂ ಮೇಷ್ಟ್ರಮ್ಮ ಎನ್ನುತ್ತಿದ್ದರು.

ಮೇಷ್ಟ್ರು ಹೋದದ್ದು ಎರಡು ತಿಂಗಳ ಕಾಯಿಲೆಯ ಮೇಲೆ. ಕಾಲುಗಳು ಕಂಬದ ಹಾಗೆ ಬಾತಿದ್ದವು. ಬಡಗಿ ಯಾವಾಗಲೂ ಮಾಡುತ್ತಿದ್ದ ಪೆಟ್ಟಿಗೆಗೆ ಭುಜದ ಹತ್ತಿರ ಅಗಲ, ಕಾಲಿನ ಹತ್ತಿರ ಸಪೂರ. ಅದರಲ್ಲಿ ಆ ಕಾಲುಗಳು ಹಿಡಿಯುವಂತಿರಲಿಲ್ಲ. ಹಾಗಾಗಿ ಉದ್ದಕ್ಕೂ ಒಂದೇ ಅಗಲದ ನೇರ ಪೆಟ್ಟಿಗೆ ಮಾಡಿದ. ಅವತ್ತು ಅವನಿಗೂ ಮೈ ಕೆಂಡದಂತೆ ಜ್ವರ. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಸಿ, ಮುಚ್ಚಳದ ತಲೆಯ ಕಡೆ ಶಿಲುಬೆ ಕೂರಿಸಿ, ಹಾಸಿಗೆಗೆ ಬಿದ್ದ. "ಮುಚ್ಚಳ ನೋಡಿ ಹಾಕೇ" ಎಂದು ಹೊದಿಕೆಯೊಳಗಿಂದಲೇ ಗೊಣಗಿದ. ಇಷ್ಟು ವರ್ಷ ನೋಡದೆ ಹಾಕಿದ್ದೇನಾ ಎಂದುಕೊಂಡು ಅವಳು ಹೊರಟಳು.

ಮೇಷ್ಟ್ರ ಮನೆ ಮೂರನೇ ಮಹಡಿ, ಮೆಟ್ಟಿಲು ಇಕ್ಕಟ್ಟು. ಪೆಟ್ಟಿಗೆಯನ್ನು ನಿಲ್ಲಿಸಿಕೊಂಡೇ ಇಳಿಸಬೇಕು, ಆದ್ದರಿಂದ ಮುಚ್ಚಳಕ್ಕೆ ಮೇಲೆಯೇ ಸ್ಕ್ರೂ ಬೀಳಬೇಕು. ಕೋಣೆಯ ತುಂಬ ಜನ. ಹೊರುವವರು ಗೋಡೆಗೆ ಒರಗಿಸಿದ್ದ ಮುಚ್ಚಳ ಎತ್ತಿ ಮೇಲಿಟ್ಟರು, ಪೆಟ್ಟಿಗೆಯಮ್ಮ ಬಗ್ಗಿದಳು. ಎಂಟು ಸ್ಕ್ರೂಗಳಲ್ಲಿ ಆರು ಬೆಣ್ಣೆಯಲ್ಲಿ ಇಳಿದಂತೆ ಇಳಿದವು. ಎರಡು ಮಾತ್ರ ಹಟ ಹಿಡಿದವು. "ಬೇಗ ಅಮ್ಮಾ, ಬೇಗ" ಎಂದು ಹಿಂದಿನಿಂದ ಅವಸರ. ಪಾಪ, ಜ್ವರದ ಕೈ, ತೂತು ಅತ್ತಿತ್ತ ಆಗಿದೆ ಎಂದುಕೊಂಡು ಅವಳು ಮೊಣಕಾಲು ಊರಿ, ಇದ್ದ ಬಲವೆಲ್ಲ ಹಾಕಿ, ಎರಡನ್ನೂ ಓರೆಯಾಗಿಯೇ ಮರದೊಳಗೆ ತಿರುಗಿಸಿಬಿಟ್ಟಳು. ಕಣ್ಣು ಸ್ಕ್ರೂ ಮೇಲಿತ್ತು, ಶಿಲುಬೆಯ ಮೇಲಿರಲಿಲ್ಲ. ಆ ಕಣ್ಣಿನಲ್ಲೂ ನೀರಿತ್ತು.

ಮೆಟ್ಟಿಲ ತಿರುವುಗಳಲ್ಲಿ ಪೆಟ್ಟಿಗೆ ಆರು ಸಲ ತಿರುಗಿತು. ಕೆಳಗೆ ಬರುವ ಹೊತ್ತಿಗೆ ತಲೆ ಯಾವುದು ಕಾಲು ಯಾವುದು ಎಂದು ಹೊತ್ತವರಿಗೇ ತಿಳಿಯದು. ತೋಟದಲ್ಲಿ ಗುಂಡಿ ತೋಡುವವನು ಎಂದಿನಂತೆ ಮುಚ್ಚಳದ ಶಿಲುಬೆ ನೋಡಿದ, ಅದರ ತಲೆ ಪಶ್ಚಿಮಕ್ಕೆ ಬರುವಂತೆ ಇಳಿಸಿದ. ಮಣ್ಣು ಬಿತ್ತು. ಹಾಡು ಮುಗಿಯಿತು.

ಮೂರನೇ ದಿನ ಜ್ವರ ಬಿಟ್ಟ ಗಂಡ ಗಂಜಿ ಕುಡಿಯುತ್ತ ಕೇಳಿದ: "ಮುಚ್ಚಳ ಸರಿ ಕೂತ್ಕೊಳ್ತಾ?"

"ಎರಡು ತೂತು ಸರಿ ಬಿದ್ದಿರಲಿಲ್ಲ ನಿಮ್ಮದು. ಜ್ವರದಲ್ಲಿ ಕೊರೆದ್ರೆ ಇನ್ನೇನಾಗುತ್ತೆ? ನಾನೇ ಒತ್ತಿ ತಿರುಗಿಸಿದೆ."

ಗಂಡ ತಟ್ಟೆ ಕೆಳಗಿಟ್ಟ. "ಅದು ಜ್ವರ ಅಲ್ವೇ! ನೇರ ಪೆಟ್ಟಿಗೆಗೆ ನಾನು ಪೆಟ್ಟಿಗೆಯಲ್ಲೂ ಮುಚ್ಚಳದಲ್ಲೂ ಒಂದೊಂದು ತೂತು ಬೇಕಂತಲೇ ಬೆರಳಗಲ ಪಕ್ಕಕ್ಕೆ ಕೊರೀತೀನಿ. ಮುಚ್ಚಳ ತಿರುಗುಮುರುಗಾದ್ರೆ ಎರಡು ಸ್ಕ್ರೂ ಹಿಡೀಬಾರದು, ಅದಕ್ಕೇ. ನಮ್ಮಪ್ಪ ಕಲಿಸಿದ್ದು."

ನೇರ ಪೆಟ್ಟಿಗೆ ಮಾಡುವುದು ಹತ್ತು ವರ್ಷಕ್ಕೊಮ್ಮೆ. ಈ ಗುಟ್ಟು ಅವಳಿಗೆ ಗೊತ್ತೇ ಇರಲಿಲ್ಲ. ಶಿಲುಬೆ ಮೇಷ್ಟ್ರ ಕಾಲಿನ ಮೇಲೆ ಕೂತಿತ್ತು. ತಲೆ ಪೂರ್ವಕ್ಕೆ ಹೋಗಿತ್ತು. ಎದ್ದು ನಿಂತರೆ, ಮುಖ ಪಶ್ಚಿಮಕ್ಕೆ. ಮೂಡಣಕ್ಕೆ ಬೆನ್ನು. ಇಷ್ಟು ದೊಡ್ಡ ತೋಟದಲ್ಲಿ ಹಾಗೆ ಮಲಗಿದವರು ಅವರೊಬ್ಬರೇ.

"ಯಾರಿಗೂ ಹೇಳಬೇಡ. ಮಣ್ಣಿನೊಳಗಿನ ಮಾತು ಮಣ್ಣಿನೊಳಗೇ ಇರಲಿ" ಎಂದ ಗಂಡ.

ಅವಳು ಅಯ್ಯನವರ ಹತ್ತಿರ ಹೋದಳು. ಹೊಸದಾಗಿ ಬಂದಿದ್ದ ಸಭಾಪಾಲಕರು, ಚಿಕ್ಕ ವಯಸ್ಸು, ಒಳ್ಳೆಯ ಮನಸ್ಸು. "ದೇವರಿಗೆ ದಿಕ್ಕಿಲ್ಲಮ್ಮಾ. ಹೇಗೆ ಮಲಗಿಸಿದರೂ ಎಬ್ಬಿಸ್ತಾನೆ. ಆ ತಾಯಿಗೆ ಹೇಳಿ ನೋಯಿಸಬೇಡಿ" ಎಂದರು. ಮಾತು ಸರಿಯಾಗಿಯೇ ಇತ್ತು. ಆದರೂ ಮನೆಗೆ ಬರುವ ದಾರಿಯಲ್ಲಿ ಅದು ಅವಳ ಕೈಯಲ್ಲಿ ನಿಲ್ಲಲಿಲ್ಲ. ದೇವರಿಗೆ ದಿಕ್ಕಿಲ್ಲ, ಸರಿ. ತನ್ನ ಕೂಸನ್ನು ಮಣ್ಣಿಗಿಡುವಾಗ, ಕಾಲು ಪೂರ್ವಕ್ಕೇ ಇದೆಯಾ ಎಂದು ತಾನು ಗುಂಡಿ ತೋಡುವವನನ್ನು ಮೂರು ಸಲ ಕೇಳಲಿಲ್ಲವೇ? ಅವನು ಮೂರು ಸಲವೂ ಹೂಂ ಎಂದಿದ್ದ. ಆ ಹೂಂ ಸುಳ್ಳಾಗಿದ್ದರೆ ತನಗೆ ಗೊತ್ತಾಗುವುದು ಬೇಡವಾಗಿತ್ತೇ?

ಬೇಕಿತ್ತು ಎಂದು ಮನಸ್ಸು ಹೇಳಿತು. ಆದರೂ ಬಾಯಿ ತೆರೆಯಲಿಲ್ಲ. ಒಂದು ವಾರ ತಡೆದರೆ ಎರಡನೇ ವಾರ ಹೇಳುವುದು ಎರಡರಷ್ಟು ಕಷ್ಟ. ಹೀಗೆ ಆರು ತಿಂಗಳು ಹೋಯಿತು. ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಮೇಷ್ಟ್ರಮ್ಮ ಒಂದು ಮಡಚುವ ಕುರ್ಚಿ ಹಿಡಿದು ತೋಟಕ್ಕೆ ಬರುವರು. ಪಶ್ಚಿಮದ ತುದಿಯಲ್ಲಿ, ನೆಟ್ಟ ಶಿಲುಬೆಯ ಪಕ್ಕದಲ್ಲಿ ಕುರ್ಚಿ ಹಾಕಿ, ಬಗ್ಗಿ, ಮೇಷ್ಟ್ರ ಕಿವಿಗೆಂದು ಮೆಲ್ಲಗೆ ಮಾತಾಡುವರು. ವಾರದ ಸುದ್ದಿಯೆಲ್ಲ. ತನ್ನ ಕೂಸಿನ ಹತ್ತಿರ ಹುಲ್ಲು ಕೀಳುತ್ತ ಕೂತ ಪೆಟ್ಟಿಗೆಯಮ್ಮ ಅದನ್ನು ನೋಡಿದಾಗಲೆಲ್ಲ ಮುಖ ಇನ್ನಷ್ಟು ಬಗ್ಗಿಸಿ ಹುಲ್ಲಿಗೇ ಕೈ ಹಾಕುವಳು.

ಮಣ್ಣು ಕೂತ ಮೇಲೆ ಚಪ್ಪಡಿ ಹಾಸುವುದು ವಾಡಿಕೆ. ಬರುವ ಮಂಗಳವಾರ ಕಲ್ಲಿನವರು ಬರುತ್ತಾರೆಂದು ಗೊತ್ತಾಯಿತು. ಚಪ್ಪಡಿ ಬಿದ್ದರೆ ಮುಗಿಯಿತು, ಆಮೇಲೆ ತೆಗೆಸುವುದಿಲ್ಲ, ತಿರುಗಿಸುವುದಿಲ್ಲ. ಶುಕ್ರವಾರ ಅವಳು ಗಡಿಯಾರದಣ್ಣನ ಕಪಾಟಿನ ಮುಂದೆ ನಿಂತಳು. ಇವನು ನಗುತ್ತಾನೆ, 'ನಾನು ಹೇಳಲಿಲ್ವಾ, ದಿಕ್ಕಲ್ಲೇನಿದೆ' ಎನ್ನುತ್ತಾನೆ, ತನಗೂ ಹಗುರಾಗುತ್ತದೆ ಎಂಬ ಆಸೆ.

ಎಲ್ಲ ಕೇಳಿದ ಗಡಿಯಾರದಣ್ಣ ಕಣ್ಣಿನ ಗಾಜು ತೆಗೆದು ಮೇಜಿನ ಮೇಲಿಟ್ಟ.

"ದಿಕ್ಕಲ್ಲಿ ಏನೂ ಇಲ್ಲ ಅಂತ ಈಗ ನಾನು ಹೇಳಿದ್ರೆ ನಾನು ಗೆದ್ದ ಹಾಗೆ ಆಗುತ್ತಲ್ಲಮ್ಮಾ."

"ಆಗಲಿ ಅಣ್ಣಾ, ಗೆಲ್ಲಿ!"

"ಎದುರಿಗೆ ಆಳಿಲ್ದೆ ಗೆಲ್ಲೋದು ಒಂದು ಗೆಲುವಾ? ಆ ಮನುಷ್ಯ ಇದ್ದಿದ್ರೆ ನನ್ನನ್ನ ಹರಿದು ತೋರಣ ಕಟ್ತಿದ್ದ." ಅವನ ದನಿ ಒಡೆಯಿತು. "ವಾದ ನಮ್ಮಿಬ್ಬರದು. ಸತ್ತಿರೋದು ಮೇಷ್ಟ್ರಮ್ಮನ ಗಂಡ. ಮಾತು ಕೊಟ್ಟಿರೋದು ಆಕೆ. ಅಗೆಸೋದೋ ಬಿಡೋದೋ, ಆಕೇನೇ ಹೇಳಬೇಕು. ನೀನಾಗಲಿ, ಅಯ್ಯನವರಾಗಲಿ, ನಾನಾಗಲಿ ಯಾರಮ್ಮಾ ಅದನ್ನ ತೀರ್ಮಾನ ಮಾಡೋಕೆ?"

ಭಾನುವಾರ ಅವಳು ಹುಲ್ಲು ಕೀಳಲು ಕೂರಲಿಲ್ಲ. ನೇರ ಮೇಷ್ಟ್ರಮ್ಮನ ಹತ್ತಿರ ಹೋದಳು. ಮೇಷ್ಟ್ರಮ್ಮ ಆಗಲೇ ಬಗ್ಗಿ, ಅಡುಗೆಮನೆಯ ನಲ್ಲಿ ಸೋರುತ್ತಿರುವುದನ್ನೂ, ರಿಪೇರಿಯವನು ಬರುತ್ತೇನೆಂದು ಹೇಳಿ ಬಾರದ್ದನ್ನೂ ವಿವರವಾಗಿ ಹೇಳುತ್ತಿದ್ದರು.

"ಅಕ್ಕಾ, ಒಂದು ತಪ್ಪು ಮಾಡಿದ್ದೀನಿ" ಎಂದಳು ಪೆಟ್ಟಿಗೆಯಮ್ಮ. ನಿಂತಲ್ಲೇ ಎಲ್ಲ ಹೇಳಿದಳು: ನೇರ ಪೆಟ್ಟಿಗೆ, ಎಂಟು ಸ್ಕ್ರೂ, ಹಟ ಹಿಡಿದ ಎರಡು, ಗಂಡ ಮೂರನೇ ದಿನ ಕೇಳಿದ್ದು. ತನ್ನನ್ನು ಉಳಿಸಿಕೊಳ್ಳುವ ಒಂದು ಮಾತನ್ನೂ ಸೇರಿಸಲಿಲ್ಲ. "ನೀವು ಹೂಂ ಅಂದ್ರೆ ನಾಳೆನೇ ಅಗೆಸಿ ತಿರುಗಿಸಿ ಮಲಗಿಸ್ತೀವಿ. ನನ್ನ ಗಂಡ ಹೊಸ ಪೆಟ್ಟಿಗೆ ಮಾಡ್ತಾರೆ. ಮಂಗಳವಾರ ಕಲ್ಲು ಬಿದ್ರೆ ಆಮೇಲೆ ಆಗಲ್ಲ."

ಮೇಷ್ಟ್ರಮ್ಮ ಶಿಲುಬೆಯನ್ನು ನೋಡಿದರು, ಮಣ್ಣನ್ನು ನೋಡಿದರು, ಆಮೇಲೆ ಅದರ ಆಚೆ ತುದಿಯನ್ನು.

"ಅಂದ್ರೆ ಇಲ್ಲಿ ಇರೋದು..."

"ಕಾಲು, ಅಕ್ಕಾ."

"ಆರು ತಿಂಗಳಿಂದ ನಾನು ಕಾಲಿಗೆ ಮಾತಾಡ್ತಾ ಇದ್ದೀನಾ?"

ಪೆಟ್ಟಿಗೆಯಮ್ಮ ತಲೆ ತಗ್ಗಿಸಿದಳು.

"ಮುಚ್ಚಳ ತಪ್ಪಿದ್ದಕ್ಕೆ ನಿನ್ನನ್ನ ಏನೂ ಅನ್ನಲ್ಲ. ಅವತ್ತು ನನಗೂ ಏನೂ ಕಾಣಿಸ್ತಿರಲಿಲ್ಲ, ನಾನೂ ಅಲ್ಲೇ ನಿಂತಿದ್ದೆ." ಮೇಷ್ಟ್ರಮ್ಮ ಕುರ್ಚಿಯಿಂದ ಎದ್ದು ನಿಂತರು. "ಆದ್ರೆ ಮೂರನೇ ದಿನವೇ ಗೊತ್ತಾಯ್ತಲ್ಲ ನಿನಗೆ. ಇಪ್ಪತ್ತೈದು ಭಾನುವಾರ ಅಲ್ಲಿ ಹುಲ್ಲು ಕೀಳ್ತಾ ಕೂತು ನನ್ನನ್ನ ನೋಡಿದೆಯಲ್ಲ, ಅದು ನನಗೆ ಇವತ್ತು ಜೀರ್ಣ ಆಗಲ್ಲ. ನಾಳೆ ಆಗುತ್ತೋ ಏನೋ ಗೊತ್ತಿಲ್ಲ."

"ಆಗದೇ ಇದ್ರೂ ಸರಿ ಅಕ್ಕಾ. ಅಗೆಸೋದು ಏನು ಮಾಡೋಣ, ಅದೊಂದು ಹೇಳಿ."

ಗೋಡೆಯಾಚೆ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು. ಮೇಷ್ಟ್ರಮ್ಮ ಕಣ್ಣು ಒರೆಸಿಕೊಂಡರು, ಮತ್ತೆ ಆಚೆ ತುದಿಯನ್ನೇ ನೋಡಿದರು.

"ಎದ್ದ ತಕ್ಷಣ ಆ ಮುಖ ಕಾಣಬೇಕು ಅಂತ ನನ್ನ ಹತ್ತಿರ ಮಾತು ತಗೊಂಡಿದ್ರು" ಎಂದರು, ತಮಗೇ ಹೇಳಿಕೊಳ್ಳುವಂತೆ. "ನಾನು ಹೂಂ ಅಂದಿದ್ದೆ. ಮಾತು ಉಳೀಲಿಲ್ಲ. ಆದ್ರೆ ಅವರು ಮೂವತ್ತಾರು ವರ್ಷ ಮಾಡಿದ್ದೇನು? ಮಕ್ಕಳಿಗೆ ಬೆನ್ನು ಹಾಕಿ ಬೋರ್ಡ್ ಮೇಲೆ ಬರೀತಾ ಇದ್ರು. ಹಿಂದಿನ ಬೆಂಚಲ್ಲಿ ಒಂದು ಮಗು ಪಿಸ್ ಅಂದ್ರೆ ಸಾಕು, ಗಕ್ಕನೆ ತಿರುಗೋರು. ಮನೇಲೂ ಹಾಗೇನೇ. ಅಷ್ಟು ಚುರುಕು ಕಿವಿ. ಅಂಥೋರು ಅಷ್ಟು ದೊಡ್ಡ ತುತ್ತೂರಿ ಊದಿದ್ರೆ ತಿರುಗಿ ನೋಡಲ್ವಾ?"

ಪೆಟ್ಟಿಗೆಯಮ್ಮನ ಗಂಟಲಿಂದ ನಗುವೋ ಅಳುವೋ ತಿಳಿಯದ ಒಂದು ದನಿ ಹೊರಬಂತು.

"ಬಾತು ಬಾತು ಸೋತಿದ್ದ ಮೈ. ಇನ್ನೊಂದು ಸಲ ಎತ್ತಿ ಇಳಿಸೋದು ಬೇಡ" ಎಂದರು ಮೇಷ್ಟ್ರಮ್ಮ. "ಮಲಗಲಿ. ಕಲ್ಲಿನವರಿಗೆ ಬರೋಕೆ ಹೇಳು. ಹೆಸರು ಮಾತ್ರ ಆ ಕಡೆ ತುದಿಗೆ ಬರಲಿ, ತಲೆ ಇರೋ ಕಡೆಗೆ. ಈ ಶಿಲುಬೇನೂ ಕಿತ್ತು ಅಲ್ಲೇ ನೆಡಿಸು. ಗಡಿಯಾರದವನು ಏನಾದ್ರೂ ಕೇಳಿದ್ರೆ ನಾನು ಹೇಳಿದೆ ಅನ್ನು."

"ನಾನೇ ನಿಂತು ನೆಡಿಸ್ತೀನಿ ಅಕ್ಕಾ."

"ಹೂಂ. ಈಗ ಹೋಗು. ಇಲ್ಲಿ ನಿಲ್ಲಬೇಡ."

ಪೆಟ್ಟಿಗೆಯಮ್ಮ ಹೊರಟಳು. ಐದಾರು ಹೆಜ್ಜೆ ಹೋಗಿರಬಹುದು, ಹಿಂದಿನಿಂದ ಕುರ್ಚಿ ಮಡಚಿದ ಸದ್ದು. ತಿರುಗಿ ನೋಡುವ ಧೈರ್ಯವಿಲ್ಲದೆ ಓರೆಗಣ್ಣಲ್ಲಿ ನೋಡಿದಳು. ಮೇಷ್ಟ್ರಮ್ಮ ಕುರ್ಚಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಮಣ್ಣಿನ ದಿಬ್ಬವನ್ನು ಮುಟ್ಟದಂತೆ ಸುತ್ತು ಹಾಕಿಕೊಂಡು ಪೂರ್ವದ ತುದಿಗೆ ನಡೆದರು. ಅಲ್ಲಿ ನೆಲ ಸಮ ಇರಲಿಲ್ಲ. ಕುರ್ಚಿಯ ಒಂದು ಕಾಲಿಗೆ ಚಪ್ಪಟೆ ಕಲ್ಲು ಹುಡುಕಿ ಕೊಟ್ಟು, ಅಲುಗಾಡಿಸಿ ನೋಡಿ, ಕೂತು, ಬಗ್ಗಿದರು.

"ಕೇಳಿಸ್ತಾ? ಇಷ್ಟು ದಿನ ಹೇಳಿದ್ದು ಒಂದೂ ಮುಟ್ಟಿಲ್ಲ ನಿಮಗೆ. ಮೊದಲಿಂದ ಹೇಳಬೇಕು ಈಗ. ನಿಮ್ಮನ್ನ ಇಲ್ಲಿಗೆ ತಂದ ದಿನ ಇದೆಯಲ್ಲ, ಆ ಗಡಿಯಾರದವನು ನಮ್ಮ ಮನೆ ಮೆಟ್ಟಿಲ ಮೇಲೇ ಕೂತು ಅತ್ತುಬಿಟ್ಟ, ಮಗು ಹಾಗೆ. ಎಬ್ಬಿಸೋಕೆ ಇಬ್ಬರು ಬೇಕಾಯ್ತು..."